ನಾನೂರ ಹನ್ನೆರಡರ ಕಣ್ಣು

ಹಡಗು ಕಟ್ಟುವ ಆ ಯಾರ್ಡಿನಲ್ಲಿ ಸ್ಟೋರಿನ ಕಿಟಕಿಗೆ ಎರಡು ಕೆಲಸವಿತ್ತು. ಒಂದನ್ನು ಬೋರ್ಡಿನ ಮೇಲೆ ಬರೆದಿದ್ದರು: ಕೈಗವಸು, ವೆಲ್ಡಿಂಗ್ ರಾಡು, ಮುಖಕವಚದ ಕಪ್ಪು ಗಾಜು, ಸುತ್ತಿಗೆ, ತಂತಿ ಬ್ರಷ್ಷು ಬೇಕಾದವರು ಟೋಕನ್ ತೋರಿಸಿ ಪಡೆಯಬೇಕು. ಇನ್ನೊಂದನ್ನು ಎಲ್ಲಿಯೂ ಬರೆದಿರಲಿಲ್ಲ. ಕಣ್ಣಿಗೆ ಏನಾದರೂ ಬಿದ್ದರೆ ಜನ ಅಲ್ಲಿಗೇ ಬರುತ್ತಿದ್ದರು.

ನಿಯಮದ ಪ್ರಕಾರ ಅವರು ಹೋಗಬೇಕಾದದ್ದು ದೊಡ್ಡ ಗೇಟಿನ ಬಳಿಯ ದವಾಖಾನೆಗೆ. ಹಾಗಂತ ಸ್ಟೋರಿನ ಗೋಡೆಯ ಮೇಲೇ ಕೆಂಪಕ್ಷರದಲ್ಲಿ ಬರೆದಿತ್ತು. ಆದರೆ ಹಡಗಿನ ಹೊಟ್ಟೆಯೊಳಗಿಂದ ಏಣಿ ಹತ್ತಿ ಮೇಲೆ ಬಂದು, ಮತ್ತೆ ಹೊರಗಡೆ ಇಳಿದು, ಕ್ರೇನಿನ ಹಳಿ ದಾಟಿ ಗೇಟು ಮುಟ್ಟುವಷ್ಟರಲ್ಲಿ ಅರ್ಧ ಗಂಟೆ. ಅಲ್ಲೊಂದು ಚೀಟಿ, ಚೀಟಿಗೆ ಸೂಪರ್‌ವೈಸರನ ರುಜು, ರುಜು ಹಾಕುವಾಗ ಅವನು ಗಂಟಿಕ್ಕುವ ಮುಖ. ಸಾಸಿವೆ ಕಾಳಿನಷ್ಟು ಕಸಕ್ಕೆ ಇಷ್ಟೆಲ್ಲ ಯಾರು ಸುತ್ತುತ್ತಾರೆ? ಸ್ಟೋರಿನ ಅಕ್ಕ ಎರಡು ನಿಮಿಷದಲ್ಲಿ ತೆಗೆದು ಕಳಿಸುತ್ತಾಳೆ.

ಅಕ್ಕನಿಗೆ ಮೂವತ್ತೆಂಟು. ಅವಳ ಅಪ್ಪನ ವಯಸ್ಸಿನ ಪೇಂಟರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದ. ಗಂಡ ಜ್ವರ ಬಂದು ಹೋಗಿ ಏಳು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ಆರನೇ ಕ್ಲಾಸಿನ ಮಗಳು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ, ಮಗಳ ಜಡೆ ಹಾಕಿ, ಅತ್ತೆಯ ಮಾತ್ರೆಗಳನ್ನು ಮೂರು ಬಟ್ಟಲಲ್ಲಿ ಇಟ್ಟು, ಏಳಕ್ಕೆ ಕಿಟಕಿ ತೆರೆಯುವವಳು. ದಣಿವು ಎನ್ನುವುದು ಅವಳಿಗೆ ಮೈಮೇಲಿನ ಬಟ್ಟೆಯ ಹಾಗೆ. ಇದೆ ಅಂತ ನೆನಪಾಗುತ್ತಿದ್ದದ್ದು ಬಿಚ್ಚುವಾಗ ಮಾತ್ರ.

ಕಣ್ಣು ನೋಡುವಾಗ ಮಾತ್ರ ಅವಳ ಕೈಗೆ ಎಲ್ಲಿಂದಲೋ ತಾಳ್ಮೆ ಬರುತ್ತಿತ್ತು. ಬಾಗಿಲ ಬಳಿ ಬೆಳಕಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರಿಸುವಳು. ಸೋಪು ಹಚ್ಚಿ ಕೈ ತೊಳೆಯುವಳು. ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಯ ಮೇಲೆ ರೆಪ್ಪೆ ಮಗುಚಿ, ಒದ್ದೆ ಹತ್ತಿಯ ಬತ್ತಿಯ ತುದಿಯಿಂದ ಕಸ ಎತ್ತಿ, ಬಿಳಿ ಬಟ್ಟೆಗೆ ಒರೆಸಿ ತೋರಿಸುವಳು. ‘ಹೋಯ್ತು’ ಎನ್ನುವಳು. ಆ ಮಾತು ಕೇಳಿದರೇ ಅರ್ಧ ಉರಿ ಇಳಿಯುತ್ತದೆ ಎಂದು ಪಟಾಕಿ ಹೇಳುತ್ತಿದ್ದ. ಪಟಾಕಿ ಎಂದರೆ ಗ್ರೈಂಡರ್ ಹಿಡಿಯುವವನು; ದಿನವಿಡೀ ಕಿಡಿ ಹಾರಿಸುತ್ತಿದ್ದ, ಬಾಯಿಯೂ ಹಾಗೇ. ವೆಲ್ಡಿಂಗಿನ ಬೆಳಕು ಹೊಡೆದು, ಕಣ್ಣಲ್ಲಿ ಮರಳು ಸುರಿದಂತಾಗಿ ಬಂದವರನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಒದ್ದೆ ಬಟ್ಟೆ ಕೊಟ್ಟು, ಮುಖಕವಚ ಇರೋದು ತಲೆಗೆ ಟೋಪಿ ಮಾಡ್ಕೊಳ್ಳೋಕಾ ಅಂತ ಬೈದು, ದವಾಖಾನೆಗೆ ಅಟ್ಟುತ್ತಿದ್ದಳು.

ಯಾರ್ಡಿನಲ್ಲಿ ಅವಳನ್ನು ಅಕ್ಕ ಎನ್ನದಿದ್ದವನು ಒಬ್ಬನೇ. ಆರಡಿ ಮೇಲೆ ಎರಡು ಬೆರಳು ಉದ್ದದ ವೆಲ್ಡರ್. ಎಲ್ಲರಿಗೂ ಅವನು ಉದ್ದಣ್ಣ. ಅವಳು ಅವನನ್ನು ಆ ಹೆಸರಿನಿಂದ ಒಂದು ದಿನವೂ ಕೂಗಿರಲಿಲ್ಲ. ನಾಲಿಗೆಯ ತುದಿಯಲ್ಲಿ ‘ಅಣ್ಣ’ ಬಂದು ನಿಂತಾಗಲೆಲ್ಲ ಅದನ್ನು ಹಿಂದಕ್ಕೆ ತಳ್ಳಿ ಟೋಕನ್ ನಂಬರು ಹೇಳುತ್ತಿದ್ದಳು: ‘ನಾನೂರ ಹನ್ನೆರಡು.’ ಅವನೂ ‘ರೀ, ಸ್ವಲ್ಪ ನೋಡ್ತೀರಾ’ ಎನ್ನುತ್ತಿದ್ದ. ಅಷ್ಟೇ.

ಮೊದಲ ಸಲ ಅವನು ಬಂದಾಗ ಕಣ್ಣಲ್ಲಿ ನಿಜವಾಗಿಯೂ ಕಸವಿತ್ತು. ಬೆಸುಗೆಯ ಮೇಲೆ ಕಟ್ಟುವ ಕರಿ ಹಕ್ಕಳೆಯನ್ನು ಸುತ್ತಿಗೆಯಿಂದ ತಟ್ಟಿ ಉದುರಿಸುತ್ತಾರಲ್ಲ, ಅದರ ಒಂದು ಚೂರು, ಎಡಗಣ್ಣಿನ ಕೆಳರೆಪ್ಪೆಯೊಳಗೆ. ತೆಗೆದಳು. ‘ಹೋಯ್ತು.’ ಅವನು ಒಂದೆರಡು ಸಲ ಕಣ್ಣು ಮಿಟುಕಿಸಿ, ಯಾರೂ ಹೇಳದ ಮಾತೊಂದನ್ನು ಹೇಳಿದ: ‘ಹಗುರಾಯ್ತು.’

ಹದಿನೈದು ದಿನ ಬಿಟ್ಟು, ರಾಡಿನ ಹೊಸ ಪೆಟ್ಟಿಗೆ ಹಂಚುವ ಗುರುವಾರ, ಮತ್ತೆ ಬಂದ. ಅವಳು ರೆಪ್ಪೆ ಮಗುಚಿದಳು. ಎಡಕ್ಕೆ ನೋಡಿ ಎಂದಳು, ಬಲಕ್ಕೆ ಎಂದಳು, ಟಾರ್ಚು ಹಾಕಿದಳು. ಏನೂ ಇರಲಿಲ್ಲ. ಇಲ್ಲ ಅಂತ ಹೇಳಲು ಬಾಯಿ ತೆರೆದವಳು ಅವನ ಮುಖ ನೋಡಿದಳು. ಅಷ್ಟು ದೊಡ್ಡ ಆಳು ಶಾಲೆಯಲ್ಲಿ ಹೋಂವರ್ಕ್ ಮಾಡದೆ ಸಿಕ್ಕಿಬಿದ್ದವನ ಹಾಗೆ ಉಸಿರು ಹಿಡಿದು ಕೂತಿದ್ದ. ಅವಳು ಹತ್ತಿಯ ತುದಿಯನ್ನು ಕಣ್ಣಿನ ಮೂಲೆಗೆ ಸುಮ್ಮನೆ ಮುಟ್ಟಿಸಿದಳು. ‘ಹೋಯ್ತು.’

‘ಹಗುರಾಯ್ತು’ ಎಂದ.

ಹೀಗೆ ಎರಡು ವರ್ಷ. ಇಬ್ಬರೂ ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ಅವನ ಮನೆಯಲ್ಲಿ ಯಾರಿದ್ದಾರೆ ಎಂದು ಅವಳು ಕೇಳಲಿಲ್ಲ. ತಮ್ಮಂದಿರನ್ನು ಓದಿಸಿ ಮದುವೆ ಮಾಡಿಸಿ ತನ್ನದನ್ನು ಮರೆತ ಎಂಬ ಸುದ್ದಿ ಪಟಾಕಿಯ ಬಾಯಿಂದ ತಾನಾಗಿ ಬಂದಿತ್ತು. ಅವಳಿಗೆ ಗೊತ್ತಿದ್ದದ್ದು ಆ ಕಣ್ಣು. ಕಂದು ಗುಡ್ಡೆಯ ಸುತ್ತ ಹಳದಿಯ ತೆಳು ಬಳೆ. ಬಿಳಿಯ ಮೇಲೆ, ಮೂಗಿನ ಕಡೆ, ಎಳ್ಳಿನಷ್ಟು ಮಚ್ಚೆ. ಕಿಡಿಗೆ ಸುಟ್ಟು ಮೊಂಡಾದ ರೆಪ್ಪೆಗೂದಲು. ಮುಖವನ್ನು ಒಂದೇ ನೋಟದಲ್ಲಿ ಪೂರ್ತಿ ನೋಡುವ ಧೈರ್ಯ ಅವಳಿಗೆ ಎಂದೂ ಆಗಿರಲಿಲ್ಲ. ಕಣ್ಣನ್ನು ಮಾತ್ರ ಕಣ್ಣು ಮುಚ್ಚಿಕೊಂಡೂ ನೋಡಬಲ್ಲವಳಾಗಿದ್ದಳು. ಪಾತ್ರೆ ತೊಳೆಯುವಾಗ, ಮಗಳ ಲೆಕ್ಕ ತಿದ್ದುವಾಗ ಅದು ಬಂದು ಎದುರು ನಿಲ್ಲುತ್ತಿತ್ತು. ಹದಿನೈದು ದಿನದಲ್ಲಿ ಹದಿನಾಲ್ಕು ದಿನ ಬರೀ ಕಾಯುವುದು.

ಅತ್ತೆಯ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿರಲಿಲ್ಲ. ಸೊಸೆ ಮಡಿಕೆ ಮುರಿಯದ ಬಟ್ಟೆ ತೆಗೆದಳೆಂದರೆ ಹಾಸಿಗೆಯಿಂದಲೇ ಕೇಳುತ್ತಿದ್ದರು, ‘ಏನು, ಇವತ್ತು ರಾಡು ಹಂಚೋ ಗುರುವಾರವಾ?’

ಆ ಸೋಮವಾರ ಪಟಾಕಿ ಕಿಟಕಿಗೆ ಬಂದು, ಹಿಂದೆ ನಾಲ್ಕು ಜನ ನಿಂತಿರುವಾಗಲೇ ಬಾಯಿ ಬಿಟ್ಟ. ಯಾರ್ಡಿನಲ್ಲಿ ಕಸಕ್ಕೂ ಬುದ್ಧಿ ಬಂದಿದೆ ಅಕ್ಕ, ಗುರುವಾರ ನೋಡ್ಕೊಂಡು ಉದ್ದಣ್ಣನ ಕಣ್ಣಿಗೇ ಬೀಳುತ್ತೆ ಅಂದ. ನಾಲ್ಕೂ ಜನ ನಕ್ಕರು. ಅವನು ತಮಾಷೆಗೆ ಅಂದದ್ದು, ಮನಸ್ಸಲ್ಲಿ ಕಲ್ಮಶವಿಲ್ಲ. ಆದರೆ ಅವಳ ಕಿವಿ ಕಾದ ತಗಡಿನಂತಾಯಿತು. ಇಡೀ ದಿನ ಒಂದೇ ಯೋಚನೆ: ಎಷ್ಟು ಜನರಿಗೆ ಗೊತ್ತು? ಎಷ್ಟು ದಿನದಿಂದ ಗೊತ್ತು?

ಮರುದಿನ ಮಂಗಳವಾರ, ಹತ್ತೂಕಾಲು. ಹಡಗನ್ನು ನೀರಿಗಿಳಿಸುವ ದಿನ ಹತ್ತಿರ ಬಂದು ಯಾರ್ಡೆಲ್ಲ ಅವಸರದಲ್ಲಿತ್ತು, ಕಿಟಕಿಯಲ್ಲಿ ಏಳೆಂಟು ಜನರ ಸಾಲು. ಆ ಸಾಲಿನ ಪಕ್ಕದಲ್ಲಿ ಅವನು ಬಂದು ನಿಂತ. ರಾಡಿನ ಗುರುವಾರ ಬಂದು ಹೋಗಿ ಇನ್ನೂ ಐದು ದಿನ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿದ್ದ. ‘ರೀ, ಸ್ವಲ್ಪ ನೋಡ್ತೀರಾ. ಬೆಣೆ ಬಿಡಿಸುವಾಗ ಹೊಡೀತು’ ಎಂದ.

ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮೋ ನಗುವೋ ತಿಳಿಯಲಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟು ನೆತ್ತಿಗೇರಿತು. ಇಷ್ಟು ಜನರೆದುರು, ಇಂಥ ದಿನ, ಬುದ್ಧಿ ಬೇಡವೇ ಮನುಷ್ಯನಿಗೆ? ಸ್ಟೂಲಿನ ಮೇಲೆ ಕೂರಿಸಲಿಲ್ಲ. ನಿಂತಲ್ಲೇ ಬಗ್ಗಿ ಎಂದಳು. ಕೈ ತೊಳೆಯಲಿಲ್ಲ, ಟಾರ್ಚು ತೆಗೆಯಲಿಲ್ಲ, ರೆಪ್ಪೆ ಮಗುಚಲಿಲ್ಲ. ಅವನ ಕಣ್ಣನ್ನೇ ನೋಡದೆ, ಅವನ ಹೆಗಲಾಚೆ ಸಾಲಿನವರ ಮುಖಗಳನ್ನು ನೋಡುತ್ತ ಹತ್ತಿಯನ್ನು ಮೂಲೆಗೆ ಮುಟ್ಟಿಸಿ, ‘ಹೋಯ್ತು’ ಎಂದಳು.

ಅವನು ‘ಹಗುರಾಯ್ತು’ ಎನ್ನಲಿಲ್ಲ. ‘ಸರಿ’ ಎಂದು ಹೋದ.

ಆಗಿದ್ದದ್ದು ಇಷ್ಟು. ಉಕ್ಕಿನ ಹಾಳೆಗಳನ್ನು ಸರಿಯಾಗಿ ಕೂರಿಸಲು ಬಡಿದಿದ್ದ ಬೆಣೆಯೊಂದನ್ನು ಅವನು ಮುಖಕವಚ ಎತ್ತಿಕೊಂಡು ಸುತ್ತಿಗೆಯಿಂದ ಬಿಡಿಸುತ್ತಿದ್ದ. ಒಳಗೆ ಹಾಕುವ ಕನ್ನಡಕ ಬೆವರಿಗೆ ಮಂಜಾಗುತ್ತದೆಂದು ಯಾರೂ ಹಾಕುವುದಿಲ್ಲ, ಅವನೂ ಹಾಕಿರಲಿಲ್ಲ. ಬೆಣೆಯ ತಲೆಯಿಂದ ಸಿಡಿದ ಚೂರು ಅಕ್ಕಿಯ ನುಚ್ಚಿಗಿಂತ ಸಣ್ಣದು. ಕಣ್ಣಿನ ಮೇಲೆ ಕೂರದೆ ನೇರ ಒಳಗೆ ಹೋಗಿತ್ತು. ಅಂಥ ಏಟಿಗೆ ಮೊದಲ ದಿನ ದೊಡ್ಡ ನೋವೂ ಇರುವುದಿಲ್ಲವಂತೆ. ಬುಧವಾರವೂ ಅವನು ಕೆಲಸ ಮಾಡಿದ. ಗುರುವಾರ ಬೆಳಗ್ಗೆ ಕಣ್ಣು ಕೀವುಗಟ್ಟಿ ಊದಿಕೊಂಡಾಗ ಪಟಾಕಿಯೇ ಅವನನ್ನು ಆಸ್ಪತ್ರೆಗೆ ಕರೆದೊಯ್ದ. ಶುಕ್ರವಾರ ಆಪರೇಷನ್ ಮಾಡಿ ಚೂರು ತೆಗೆದರು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ.

ಅವತ್ತೇ ತಂದಿದ್ದರೆ, ಎಂದರಂತೆ ಡಾಕ್ಟರು. ಗುಡ್ಡೆಯ ಮೇಲೆ ಸೂಜಿಮೊನೆಯಷ್ಟು ತೂತು ಇತ್ತಂತೆ. ನೋಡಿ ಅಭ್ಯಾಸವಿಲ್ಲದವರಿಗೆ ಅದು ಕಾಣುವುದೇ ಇಲ್ಲ ಅಂದರಂತೆ. ಪಟಾಕಿ ಇದನ್ನು ಅವಳಿಗೆ ಸಮಾಧಾನವಾಗಲೆಂದು ಹೇಳಿದ್ದ. ರಾಡು ಎಣಿಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಅಭ್ಯಾಸವಿಲ್ಲದವರಿಗೆ! ಆ ಕಣ್ಣಿನಲ್ಲಿ ಒಂದು ಚುಕ್ಕೆ ಹೆಚ್ಚಾಗಿದ್ದರೂ ಈ ಭೂಮಿಯ ಮೇಲೆ ಗುರುತಿಸಬಲ್ಲವಳು ತಾನೊಬ್ಬಳೇ. ನೋಡಿದ್ದರೆ ಸಾಕಿತ್ತು.

ಮುಂದಿನ ಬುಧವಾರ ಸೇಫ್ಟಿ ಸಾಹೇಬರು ಫೈಲು ಹಿಡಿದು ಸ್ಟೋರಿಗೆ ಬಂದರು. ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ. ಅವಳು ಕಣ್ಣು ನೋಡುವುದನ್ನು ಇಷ್ಟು ವರ್ಷ ಕಂಡೂ ಕಾಣದ ಹಾಗೆ ಇದ್ದವರು. ಕುರ್ಚಿಯ ತುದಿಯಲ್ಲಿ ಕೂತು ವಿಷಯ ಬಿಡಿಸಿ ಹೇಳಿದರು. ಏಟು ಬಿದ್ದ ದಿನ ಅವನು ದವಾಖಾನೆಗೆ ಹೋಗಿಲ್ಲ. ಯಾರಿಗೂ ತೋರಿಸಿಲ್ಲ ಎಂದು ಆಸ್ಪತ್ರೆಯಲ್ಲಿ ತನಗೆ ಹೇಳಿದ್ದಾನೆ. ಆದರೆ ಸೂಪರ್‌ವೈಸರ್ ಬೇರೆಯೇ ಬರೆದುಕೊಟ್ಟಿದ್ದಾನೆ: ಇವನಿಗೆ ಎರಡು ವರ್ಷದಿಂದ ಎಡಗಣ್ಣಿನ ತೊಂದರೆ, ಹದಿನೈದು ದಿನಕ್ಕೊಮ್ಮೆ ಸ್ಟೋರಿಗೆ ಹೋಗಿ ತೋರಿಸಿಕೊಂಡು ಬರುತ್ತಿದ್ದ. ಚೂರು ಯಾವತ್ತು, ಎಲ್ಲಿ ಹೊಕ್ಕಿತೋ ಯಾರು ಕಂಡರು; ಹಾಗಾದರೆ ಇದು ಹಳೆಯ ಕಾಯಿಲೆ. ಹಳೆಯ ಕಾಯಿಲೆಗೆ ಯಾರ್ಡು ಹೊಣೆಯಲ್ಲ. ಒಂಟಿಗಣ್ಣಿನವನನ್ನು ಎತ್ತರದಲ್ಲಿ ಕೆಲಸಕ್ಕೆ ಬಿಡುವಂತಿಲ್ಲ, ತಿಂಗಳ ಕೊನೆಗೆ ಹೆಸರು ತೆಗೆಯುತ್ತಾರೆ. ಕೆಲಸದಲ್ಲಿ ಬಿದ್ದ ಏಟು ಎಂದಾದರೆ ಮಾತ್ರ ನೆಲದ ಮೇಲಿನ ಕೆಲಸ ಕೊಟ್ಟು ಇಟ್ಟುಕೊಳ್ಳಬೇಕು.

‘ಆ ಕಣ್ಣಲ್ಲಿ ಏನಿತ್ತು, ಏನಿರಲಿಲ್ಲ ಅಂತ ಹೇಳೋಕೆ ನೀವೊಬ್ಬರೇ ಇರೋದು,’ ಎಂದರು. ‘ಸೋಮವಾರ ಬಂದು ಹೇಳಿಕೆ ಕೊಡಿ. ಇಲ್ಲಿ ಕಣ್ಣು ನೋಡಿದ್ದೇ ನಿಯಮಕ್ಕೆ ವಿರುದ್ಧ, ಏನು ಹೇಳಿದರೂ ನಿಮಗೆ ಈ ಕಿಟಕಿ ಉಳಿಯೋದು ಕಷ್ಟ. ಏನೂ ಗೊತ್ತಿಲ್ಲ ಅಂದ್ರೆ ಉಳಿಯುತ್ತೆ. ಯೋಚನೆ ಮಾಡಿ ಬನ್ನಿ.’

ಸುದ್ದಿ ಕೇಳಿ ಪಟಾಕಿ ಓಡಿಬಂದು ಉಪಾಯ ಹೇಳಿಕೊಟ್ಟ. ಪ್ರತಿ ಸಲವೂ ಕಸ ತೆಗೆದೆ ಅನ್ನಿ ಅಕ್ಕ, ಯಾರು ನೋಡಿದ್ದಾರೆ ಅಂದ. ಅಷ್ಟು ಸಲ ತೆಗೆದವಳಿಗೆ ಕೊನೆಯದು ಯಾಕೆ ಕಾಣಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂದಳು. ಅವನು ತಲೆ ಕೆರೆದುಕೊಂಡ. ಆ ಸೋಮವಾರ ಕಿಟಕಿಯಲ್ಲಿ ತಾನು ಆ ಮಾತು ಆಡಬಾರದಿತ್ತು ಎಂದು ಅವನ ಮುಖದಲ್ಲಿ ಬರೆದಿತ್ತು. ಬಾಯಿಂದ ಮಾತ್ರ ಬರಲಿಲ್ಲ. ಅವನ ಬಾಯಿ ಸುಮ್ಮನಿದ್ದದ್ದನ್ನು ಅವಳು ಅದೇ ಮೊದಲು ನೋಡಿದ್ದು.

ಭಾನುವಾರ ಅವಳು ಬಟ್ಟೆ ನೆನೆಹಾಕಿ ಕೂತಿದ್ದಾಗ ಅತ್ತೆ ಕರೆದರು. ಮೂರು ದಿನದಿಂದ ಸೊಸೆ ಬೆಳಗಿನ ಮಾತ್ರೆಯನ್ನು ರಾತ್ರಿಯ ಬಟ್ಟಲಿಗೆ ಹಾಕುತ್ತಿದ್ದುದನ್ನು ಅವರು ಗಮನಿಸಿದ್ದರು.

‘ಹೋಗಿ ನೋಡ್ಕೊಂಡು ಬಾ,’ ಎಂದರು.

‘ಯಾರನ್ನ?’

‘ನನ್ನ ಬಾಯಲ್ಲಿ ಹೇಳಿಸ್ಬೇಡ. ನನ್ನ ಮಗ ಹೋಗಿ ಏಳು ವರ್ಷ ಆಯ್ತು. ಹೋಗಿದ್ದು ಅವನೊಬ್ಬ, ನೀನಲ್ಲ. ಬರ್ತಾ ನನ್ನ ಕೆಮ್ಮಿನ ಔಷಧಿ ತಗೊಂಡು ಬಾ.’

ಆಸ್ಪತ್ರೆಯ ಆ ಹಾಲಿನಲ್ಲಿ ಹನ್ನೆರಡು ಮಂಚ, ಬಹುಪಾಲು ಎಲ್ಲರಿಗೂ ಒಂದೊಂದು ಕಣ್ಣಿಗೆ ಪಟ್ಟಿ. ಅವನ ಪಾದಗಳು ಮಂಚದಿಂದ ಹೊರಗೆ ಚಾಚಿದ್ದವು. ಪಕ್ಕದಲ್ಲಿ ತಮ್ಮನ ಹೆಂಡತಿ ಹಣ್ಣು ಹೆಚ್ಚುತ್ತಿದ್ದಳು. ಸ್ಟೋರಿನವಳು ಎಂದು ಇವಳು ಹೇಳುತ್ತಿದ್ದಂತೆ ಆಕೆ ‘ಓ, ನೀವೇನಾ’ ಎಂದು ಚಾಕು ಕೆಳಗಿಟ್ಟು, ತಟ್ಟೆ ತೊಳೆದು ತರುವ ನೆಪ ಹೇಳಿ ಎದ್ದು ಹೋದಳು. ತಟ್ಟೆಯನ್ನು ಅಲ್ಲೇ ಬಿಟ್ಟು ಹೋಗಿದ್ದಳು.

ಅವನು ಬಲಗಣ್ಣಿಗೆ ಅವಳು ಸಿಗುವಂತೆ ಕುತ್ತಿಗೆಯನ್ನು ಪೂರ್ತಿ ಹೊರಳಿಸಿದ. ಅವಳು ಮೊದಲ ಬಾರಿಗೆ ಅವನ ಮುಖವನ್ನು ಮುಖವಾಗಿ ನೋಡಿದಳು. ಕೆನ್ನೆಯಲ್ಲಿ ಒಂದು ಹಳೆಯ ಸುಟ್ಟ ಗುರುತು. ಕಿವಿಯ ಪಕ್ಕ ನರೆ. ಇದೆಲ್ಲ ಇಷ್ಟು ವರ್ಷ ಅಲ್ಲೇ ಇತ್ತು.

‘ಅವತ್ತು ನಾನು ನೋಡ್ಲಿಲ್ಲ,’ ಎಂದಳು.

‘ನೋಡಿದ್ರಿ.’

‘ಇಲ್ಲ. ಸುಮ್ನೆ ಹತ್ತಿ ಮುಟ್ಟಿಸ್ದೆ.’

‘ಸಾಲಿತ್ತಲ್ಲ, ಪಾಪ. ನೀವಾದ್ರೂ ಎಷ್ಟು ಅಂತ ಮಾಡ್ತೀರಿ.’ ಮತ್ತೆ ದನಿ ತಗ್ಗಿಸಿ ಹೇಳಿದ, ‘ಸೇಫ್ಟಿಯವ್ರಿಗೆ ನಿಮ್ಮ ಹೆಸರು ಹೇಳಿಲ್ಲ. ನೀವೂ ಏನೂ ಹೇಳ್ಬೇಡಿ.’

ಹೇಳದಿದ್ದರೆ ಹಳೆಯ ಕಾಯಿಲೆ ಎಂದು ಬರೆದು ಹೆಸರು ತೆಗೆಯುತ್ತಾರೆ ಎಂದಳು. ಬರೆದುಕೊಳ್ಳಲಿ ಎಂದ. ಒಂದು ಕಣ್ಣಿಟ್ಟುಕೊಂಡು ಎಲ್ಲಿಯಾದರೂ ಗೇಟು ಕಾಯುವ ಕೆಲಸ ಸಿಗುತ್ತದೆ ಎಂದ. ಅವಳ ಮಗಳು ಎಷ್ಟನೇ ಕ್ಲಾಸು ಎಂದು ಅವನಿಗೆ ಗೊತ್ತಿತ್ತು, ಅತ್ತೆಯ ಔಷಧಿಯ ವಿಷಯವೂ ಗೊತ್ತಿತ್ತು. ಎಲ್ಲಿಂದಲೋ ಕೇಳಿ ಕೇಳಿ ಕೂಡಿಟ್ಟುಕೊಂಡಿದ್ದ. ‘ಆ ಕಿಟಕಿ ಕಳ್ಕೋಬೇಡಿ. ಅಲ್ಲಿ ನೀವು ಕೂತಿರ್ತೀರಿ ಅಂತ ಗೊತ್ತಿದ್ರೆ ಎಲ್ಲಿದ್ರೂ ದಿನ ಹೋಗುತ್ತೆ ನಂಗೆ.’

ಅವಳು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬಣ್ಣ ಎದ್ದಿದ್ದನ್ನು ಉಗುರಿನಿಂದ ಕೆರೆಯುತ್ತ ಕೂತಳು. ಆಮೇಲೆ ಅವನೇ ಮೆಲ್ಲಗೆ ಹೇಳಿದ.

‘ಅವತ್ತು ಏಟು ಬಿದ್ದಾಗ, ನೋವಿಗಿಂತ ಮುಂಚೆ ಖುಷಿ ಆಯ್ತು. ಇವತ್ತು ನಿಜವಾಗ್ಲೂ ಬಿದ್ದಿದೆ, ತಲೆ ಎತ್ಕೊಂಡು ಹೋಗ್ಬಹುದು ಅನ್ನಿಸ್ತು.’

ಅವಳು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಅಲ್ಲೇ, ಹಲ್ಲಿನ ಹಿಂದೆ ಇತ್ತು. ನನಗೂ ಗೊತ್ತಿತ್ತು. ಎರಡನೇ ಸಲದಿಂದಲೇ ಗೊತ್ತಿತ್ತು. ಅಷ್ಟು ಹೇಳಿದರೆ ಸಾಕಿತ್ತು. ಆದರೆ ಅದನ್ನು ಹೇಳಿದರೆ, ಗೊತ್ತಿದ್ದರಿಂದಲೇ ಅವತ್ತು ನೋಡಲಿಲ್ಲ ಎನ್ನುವುದೂ ಅದರ ಬಾಲ ಹಿಡಿದು ಬರುತ್ತದೆ. ಅವನ ಕಣ್ಣಿಗೆ ಏನು ಬಿತ್ತು ಎಂದರೆ, ಅವಳ ಆ ಗೊತ್ತಿರುವಿಕೆಯೇ ಬಿತ್ತು. ಪಟ್ಟಿ ಕಟ್ಟಿದ ಮುಖದೆದುರು ಅದನ್ನು ಹೇಗೆ ಹೇಳುವುದು? ನರ್ಸು ಬಂದು ಹೊತ್ತಾಯಿತು ಎಂದಳು. ಇವಳು ಎದ್ದಳು. ಬಾಗಿಲವರೆಗೂ ಆ ಒಂಟಿಕಣ್ಣು ತನ್ನ ಬೆನ್ನ ಮೇಲಿರುವುದು ತಿರುಗದೆಯೇ ತಿಳಿಯುತ್ತಿತ್ತು. ಕೆಮ್ಮಿನ ಔಷಧಿ ಮರೆತೇ ಹೋಯಿತು; ಅತ್ತೆ ಕೇಳಲೂ ಇಲ್ಲ.

ಸೋಮವಾರ ಸೇಫ್ಟಿ ಸಾಹೇಬರ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಅವರು ಕಾಗದಕ್ಕೆ ಅಂಚು ಬಿಟ್ಟು, ದಿನಾಂಕ ಹಾಕಿ, ಪೆನ್ನು ಹಿಡಿದು ಕೂತರು. ಮಂಗಳವಾರ ಹತ್ತೂಕಾಲಿಗೆ ನಾನೂರ ಹನ್ನೆರಡು ಕಿಟಕಿಗೆ ಬಂದ, ಬೆಣೆ ಬಿಡಿಸುವಾಗ ಹೊಡೆಯಿತು ಎಂದ, ತಾನು ಸರಿಯಾಗಿ ನೋಡದೆ ಕಳಿಸಿದೆ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಅವರು ಬರೆದುಕೊಂಡರು. ಇಷ್ಟು ಸಾಲದು ಎಂದರು. ಹಳೆಯ ಕಾಯಿಲೆಯ ಮಾತು ಹಾಗೇ ಉಳಿಯುತ್ತದೆ. ಎರಡು ವರ್ಷದಲ್ಲಿ ಸುಮಾರು ನಲವತ್ತೈದು ಸಲ ಬಂದಿದ್ದಾನಲ್ಲ, ಆಗೆಲ್ಲ ಕಣ್ಣಲ್ಲಿ ಏನಿರುತ್ತಿತ್ತು?

‘ಮೊದಲ್ನೇ ಸಲ ಒಂದು ಚೂರು. ಆಮೇಲೆ ಒಂದು ಸಲವೂ ಏನೂ ಇರ್ಲಿಲ್ಲ.’

‘ಕೆಂಪು, ನೀರು, ಮಂಜು, ಏನಾದ್ರೂ?’

‘ಏನೂ ಇಲ್ಲ. ಆ ಕಣ್ಣು ಚೆನ್ನಾಗಿತ್ತು. ಅಷ್ಟು ಚೆನ್ನಾಗಿರೋ ಕಣ್ಣು ಈ ಯಾರ್ಡಲ್ಲಿ ಇರ್ಲಿಲ್ಲ.’

ಸಾಹೇಬರು ತಲೆ ಎತ್ತಿದರು. ‘ಏನೂ ಇಲ್ದೆ ಯಾಕಮ್ಮ ಬರ್ತಿದ್ದ ಮತ್ತೆ?’

ಕಿಟಕಿಯಾಚೆ ಹಡಗಿನ ಮೈಮೇಲೆ ಎಲ್ಲೋ ಒಂದು ನೀಲಿ ಬೆಳಕು ಹೊತ್ತಿ ಆರಿತು. ಅವಳು ಅಭ್ಯಾಸದಂತೆ ಕಣ್ಣು ತಗ್ಗಿಸಿ ಮತ್ತೆ ಎತ್ತಿದಳು.

‘ನನ್ನ ನೋಡೋಕೆ.’

ಪೆನ್ನು ನಿಂತಿತು. ಅದು ನಿಮಗೆ ಗೊತ್ತಿತ್ತೇ ಎಂದು ಕೇಳಿದರು. ಗೊತ್ತಿತ್ತು ಎಂದಳು. ಗೊತ್ತಿದ್ದೂ ಹೋಯ್ತು ಅಂತ ಹೇಳಿ ಕಳಿಸ್ತಿದ್ದೆ, ಬರ್ಲಿ ಅಂತ ಕಾಯ್ತಿದ್ದೆ ಎಂದಳು. ಆ ಮಂಗಳವಾರವೂ ಹಾಗೇ ಬಂದಿದ್ದಾರೆ ಅಂದ್ಕೊಂಡೆ, ಜನ ಇದ್ರು, ನಾಚಿಕೆ ಆಯ್ತು, ಅದಕ್ಕೇ ನೋಡ್ಲಿಲ್ಲ ಎಂದಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನೋಡಮ್ಮ, ನಿನಗೆ ಬೆಳೆಯೋ ಮಗಳಿದ್ದಾಳೆ. ಇದು ಮೂರು ಜನರ ಮೇಜಿಗೆ ಹೋಗುತ್ತೆ. ಸಂಜೆ ಹೊತ್ತಿಗೆ ಯಾರ್ಡೆಲ್ಲ ಓದುತ್ತೆ. ಗಡಿಬಿಡಿ ಇತ್ತು ಅಂತ ಬರೀಲಾ?’

‘ಗಡಿಬಿಡಿ ಅಂದ್ರೆ ಆ ನಲವತ್ತೈದು ಸಲಕ್ಕೆ ಏನಂತೀರಿ?’

ಅವರು ಮತ್ತೆ ಪೆನ್ನು ಎತ್ತಿಕೊಂಡರು. ಕನ್ನಡಕ ಹಾಕಿಕೊಂಡು, ಬಗ್ಗಿ ಬಹಳ ಹೊತ್ತು ಬರೆದರು. ಬರೆದದ್ದನ್ನು ಓದಿ ಹೇಳಿದರು. ಕಚೇರಿಯ ಭಾಷೆಯಲ್ಲಿ ಅದು ಬೇರೆ ಯಾರದ್ದೋ ಕಥೆಯ ಹಾಗಿತ್ತು. ಸದರಿ ಕಾರ್ಮಿಕನ ಎಡಗಣ್ಣು ಘಟನೆಯ ದಿನದವರೆಗೆ ಸಂಪೂರ್ಣ ಆರೋಗ್ಯವಾಗಿದ್ದು, ಸದರಿಯವನು ಸ್ಟೋರಿನ ಸಿಬ್ಬಂದಿಯನ್ನು ಕಾಣುವ ಉದ್ದೇಶದಿಂದ ಮಾತ್ರ ಬರುತ್ತಿದ್ದು, ಈ ಸಂಗತಿ ಸದರಿ ಸಿಬ್ಬಂದಿಗೆ ತಿಳಿದಿತ್ತು. ಅವಳು ಮೈಯೆಲ್ಲ ಕಿವಿಯಾಗಿ ಕೇಳಿದಳು. ಕೊನೆಯಲ್ಲಿ ರುಜು ಹಾಕಲೆಂದು ಅವರು ಕಾಗದ ತಿರುಗಿಸಿ ಕೊಟ್ಟರು. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ.

‘ಒಂದು ಬಿಟ್ಟಿದ್ದೀರಿ ಸಾರ್.’

‘ಏನು?’

‘ನಾನು ಕಾಯ್ತಿದ್ದೆ ಅನ್ನೋದು.’

ಅದು ಕೇಸಿಗೆ ಬೇಕಾಗಿಲ್ಲ ಎಂದು ಅವರು ಹೇಳಿದರು. ಅವಳು ಕಾಗದವನ್ನು ಅವರ ಕಡೆಗೆ ಸರಿಸಿದಳು. ಅವರು ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು, ಎರಡು ಸಾಲಿನ ನಡುವೆ ಇದ್ದ ಸ್ವಲ್ಪ ಜಾಗದಲ್ಲಿ ಸಣ್ಣಕ್ಷರದಲ್ಲಿ ಅದನ್ನೂ ಬರೆದರು. ಅವಳು ಓದಿ ನೋಡಿ, ಪೂರ್ತಿ ಹೆಸರು ಬರೆದು ರುಜು ಹಾಕಿದಳು.